ಮೆಟ್ಟಿಲು ಮೀಮಾಂಸೆ

ಸೂತ್ರ 1: ಬೆಟ್ಟವಿದ್ದಲ್ಲಿ ಮೆಟ್ಟಿಲು, ಮೆಟ್ಟಿಲಿದ್ದಲ್ಲಿ ಮನವಿ.

ವ್ಯಾಖ್ಯಾನ: ಬೆಟ್ಟವೆಂದರೆ ಮೈಸೂರಿನ ಚಾಮುಂಡಿ ಬೆಟ್ಟ, ಎತ್ತರ ಸಮುದ್ರಮಟ್ಟದಿಂದ ಸುಮಾರು 3,489 ಅಡಿ. ಮೆಟ್ಟಿಲೆಂದರೆ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲಕ್ಕೆ ಪಾದದಿಂದ ದೇಗುಲದವರೆಗೆ ಹಾಸಿದ ಕಲ್ಲು. ಸಂಖ್ಯೆ ಸಾವಿರವೆಂದು ಒಂದು ಪಂಥ, ಸಾವಿರದ ಎಂಟೆಂದು ಇನ್ನೊಂದು. ಎರಡೂ ಪಂಥದವರಿಗೆ ಮುನ್ನೂರರ ಹೊತ್ತಿಗೆ ಏದುಸಿರು ಬಂದು ಲೆಕ್ಕ ತಪ್ಪುವುದರಿಂದ ವಿವಾದ ಇತ್ಯರ್ಥವಾಗಿಲ್ಲ.

ಮನವಿಯೆಂದರೆ ಈ ಮೆಟ್ಟಿಲನ್ನು ಸರಿಯಾಗಿಡಿ ಎಂಬ ಕೋರಿಕೆ. ಅದನ್ನು ಕೊಡುವವರು ಮೂರು ಬಗೆ: ದಿನಾ ಬೆಳಿಗ್ಗೆ ಹತ್ತುವವರು ಉತ್ತಮರು; ಆಷಾಢ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರು ಅತ್ಯುತ್ತಮರು; ಕಾರಿನಲ್ಲಿ ಹೋಗಿ ಬಂದು ಮೆಟ್ಟಿಲಿನ ಮಹತ್ವ ಬರೆಯುವವರು ಅಧಮರು. ಪ್ರಸ್ತುತ ಶಾಸ್ತ್ರಕಾರನು ಮೂರನೆಯ ವರ್ಗದವನು.

ಸೂತ್ರ 2: ಉತ್ತರಕ್ಕೆ ಕರ್ತೃವಿಲ್ಲ.

ವ್ಯಾಖ್ಯಾನ: ಶಾಸಕರ ಕೈಗೆ ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡ ಮೇಲೆ ಬರುವ ಉತ್ತರ ‘ಪರಿಶೀಲಿಸಲಾಗುವುದು’. ಯಾರು ಪರಿಶೀಲಿಸುತ್ತಾರೆ? ಕ್ರಿಯಾಪದದಲ್ಲಿ ಸುಳಿವಿಲ್ಲ. ಎಂದು? ‘ಗುವುದು’ ಎಂಬುದಷ್ಟೇ ಆಧಾರ. ಕಬ್ಬಿಣದ ಕಡಲೆಯಂಥ ಈ ಪದದ ಎದುರು ವ್ಯಾಕರಣಕಾರ ಕೇಶಿರಾಜನೂ ಬೆವರುತ್ತಿದ್ದ.

ಸೂತ್ರ 3: ಮಾಡಿ ಎಂದರೆ ಕಡತವುಂಟು, ಮಾಡಬೇಡಿ ಎಂದರೆ ಕಡತವಿಲ್ಲ.

ಪೂರ್ವಪಕ್ಷ: ಅಭಿವೃದ್ಧಿ ಎಂದರೆ ಏನಾದರೂ ಕಟ್ಟುವುದು. ಆದ್ದರಿಂದಲೇ 2022ರ ರಾಜ್ಯ ಬಜೆಟ್ಟಿನಲ್ಲಿ ಬೆಟ್ಟಕ್ಕೆ ರೋಪ್‌ವೇ ಬಂತು. ಕಾಲಿಲ್ಲದೆ ಹತ್ತಬಹುದೆಂದಾದರೆ ಕಾಲಿದ್ದವರು ಗೊಣಗುವುದೇಕೆ?

ಸಿದ್ಧಾಂತ: ಗೊಣಗಿದರು. ಪರಿಸರದವರು, ವಾಯುವಿಹಾರದವರು, ಭಕ್ತರು ಒಟ್ಟಾಗಿ ಗೊಣಗಿದರು. ಅದೇ ವರ್ಷ ಜುಲೈನಲ್ಲಿ ಯೋಜನೆ ಕೈಬಿಟ್ಟಿದ್ದಾಗಿ ಸರ್ಕಾರ ಹೇಳಿತು. ಶಂಕುಸ್ಥಾಪನೆಯಿಲ್ಲ, ಗುದ್ದಲಿ ಪೂಜೆಯಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಆದರೂ ಊರಿಗೆ ಒಳ್ಳೆಯದಾಯಿತು. ಇಂಥ ಕೆಲಸಕ್ಕೆ ಯಾವ ಶೀರ್ಷಿಕೆಯಡಿ ಲೆಕ್ಕ ಬರೆಯುವುದೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ.

ಪ್ರತ್ಯಕ್ಷ ಪ್ರಮಾಣ: ಸುಮಾರು 700 ಮೆಟ್ಟಿಲು ಹತ್ತಿದಲ್ಲಿ ಏಕಶಿಲೆಯ ನಂದಿ ಮೂರೂವರೆ ಶತಮಾನದಿಂದ ಕದಲದೆ ಕೂತಿದ್ದಾನೆ. ಯಾರೂ ಅವನನ್ನು ಅಭಿವೃದ್ಧಿಪಡಿಸಲಿಲ್ಲ, ಚೆನ್ನಾಗಿದ್ದಾನೆ.

ಅನುಮಾನ ಪ್ರಮಾಣ: 2021ರ ಮಳೆಗೆ ನಂದಿಯತ್ತ ಹೋಗುವ ಡಾಂಬರು ರಸ್ತೆಯ ಅಂಚು ಕುಸಿದು ವಾಹನ ನಿಂತವು. ಹೊಗೆಯಿದ್ದಲ್ಲಿ ಬೆಂಕಿ ಎಂಬಂತೆ, ಬೆಟ್ಟ ಜಾರಿದಲ್ಲಿ ಬೆಟ್ಟಕ್ಕೆ ಭಾರವಾಗಿದೆ ಎಂದು ಊಹಿಸಲು ತರ್ಕಶಾಸ್ತ್ರ ಓದಬೇಕಿಲ್ಲ.

ಸೂತ್ರ 4: ಪೊರಕೆಗೆ ಅನುದಾನವಿಲ್ಲ, ಕಾಂಕ್ರೀಟಿಗುಂಟು.

ವ್ಯಾಖ್ಯಾನ: ಯಾತ್ರಾಸ್ಥಳಗಳ ಅಭಿವೃದ್ಧಿಗೆಂದಿರುವ ಕೇಂದ್ರದ ‘ಪ್ರಸಾದ್’ ಯೋಜನೆಯಡಿ ಬೆಟ್ಟಕ್ಕೆ 45 ಕೋಟಿ ರೂಪಾಯಿಗೂ ಮಿಕ್ಕ ಹಣ ಮಂಜೂರಾಗಿದೆ. ಪ್ರಸಾದವನ್ನು ಬೇಡವೆನ್ನಬಾರದು, ಅತಿಯಾಗಿ ತಿಂದರೆ ಅಜೀರ್ಣ. ಬೆಟ್ಟದ ಮೇಲೆ ಕಾಂಕ್ರೀಟು ಬೇಡವೆನ್ನುವವರ ಆತಂಕವೂ ಇಷ್ಟೇ. ಮೆಟ್ಟಿಲು ಹತ್ತುವವರು ಕೇಳುವ ಪಟ್ಟಿ ಚಿಕ್ಕದು: ಅಲುಗುವ ಕಲ್ಲಿಗೆ ಒಂದು ಚಕ್ಕೆ, ಮಳೆನೀರು ಹರಿಯಲು ತೆರೆದ ಚರಂಡಿ, ಪಾದದಲ್ಲಿ ಬಾಗಿಲು ಮುಚ್ಚುವ ಶೌಚಾಲಯ, ಬೆಳಗಾಗುವ ಮುನ್ನ ಒಬ್ಬರ ಕೈಯಲ್ಲಿ ಪೊರಕೆ. ಪಟ್ಟಿ ಚಿಕ್ಕದಾದದ್ದೇ ತೊಂದರೆ. ಇಷ್ಟು ಕಡಿಮೆ ಹಣಕ್ಕೆ ಟೆಂಡರು ಕರೆಯುವುದು ಇಲಾಖೆಯ ಘನತೆಗೆ ಕುಂದು.

ಆದ್ದರಿಂದ ಮನವಿದಾರರಿಗೆ ಶಾಸ್ತ್ರದ ಸಲಹೆ: ಪೊರಕೆಯನ್ನು ‘ಸೋಪಾನ ಸಮಗ್ರ ಶುದ್ಧೀಕರಣ ಸಾಧನ’ ಎಂದು ಬರೆಯಿರಿ. ಮೊತ್ತದ ಮುಂದೆ ನಾಲ್ಕು ಸೊನ್ನೆ ಸೇರಿಸಿ. ಮಂಜೂರಾದ ಮೇಲೆ ಸೊನ್ನೆಗಳನ್ನು ವಾಪಸು ಮಾಡಿ.

ಫಲಶ್ರುತಿ: ಈ ಮೀಮಾಂಸೆಯನ್ನು ಓದಿದವರಿಗೆ ಮಂಡಿನೋವು ವಾಸಿಯಾಗುವುದಿಲ್ಲ. ಹತ್ತಿದವರಿಗೆ ಆಗಲೂಬಹುದು. ಯಾವ ಶಾಸಕರ ಸಹಿಯೂ ಬೇಕಿಲ್ಲದ ಒಂದು ಕೆಲಸವಂತೂ ಉಂಟು: ತುಂಬಿದ ನೀರಿನ ಬಾಟಲಿ ಹೊತ್ತು ಹತ್ತಿದವರು ಖಾಲಿ ಬಾಟಲಿಯನ್ನೂ ಹೊತ್ತೇ ಇಳಿಯಿರಿ. ಅದು ತುಂಬಿದ್ದಕ್ಕಿಂತ ಹಗುರ.