ಸುಲಭಕಾರ್ಯ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬ ಕಟ್ಟಳೆ ಇರುವುದರಿಂದ, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಸ್ವಯಂಸೇವಕರ ದುಡಿಮೆಯಿಂದ ನಡೆದುಬಂದಿರುವ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಂಪ್ರದಾಯದಲ್ಲಿ ಹೊಸಬರಿಗೆಂದು ಮೀಸಲಿಡುವ, ತಂತ್ರಾಂಶಕ್ಕೆ ಪರೀಕ್ಷೆ ರಚಿಸುವ ಕಾರ್ಯಗಳನ್ನೂ ಅದೇ ಕ್ರಮದಲ್ಲಿ ವಿಚಾರಿಸುವುದು ಯುಕ್ತ. ಇಲ್ಲಿ ಅಧಿಕಾರಿಯೆಂದರೆ ಇನ್ನೂ ಏನೂ ಬಾರದವನು, ವಿಷಯವೆಂದರೆ ಬಲ್ಲವರು ಮಾಡದೆ ಬಿಟ್ಟದ್ದು, ಪ್ರಯೋಜನ ಬಲ್ಲವರದು, ಸಂಬಂಧವು ಬಹುಮಟ್ಟಿಗೆ ಇಮೇಲ್ ಮೂಲಕ.

ತಂತ್ರಾಂಶವೊಂದನ್ನು, ಅದು ಆಶ್ರಯಿಸುವ ಇತರ ತಂತ್ರಾಂಶಗಳ ಪಟ್ಟಿಯೊಡನೆ, ಒಂದೇ ಆದೇಶಕ್ಕೆ ಗಣಕದಲ್ಲಿ ನೆಲೆಗೊಳ್ಳುವಂತೆ ಕಟ್ಟಿಟ್ಟ ಗಂಟಿಗೆ ಪ್ಯಾಕೇಜ್ ಎಂದೂ, ಗಂಟು ಬಿಚ್ಚಿದ ಮೇಲೆ ಒಳಗಿನದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಯಂತ್ರವೇ ನೋಡಿ ಹೇಳುವ ವಿಧಿಗೆ ಆಟೊಪಿಕೆಜಿಟೆಸ್ಟ್ ಎಂದೂ ಹೆಸರು. ಪರೀಕ್ಷೆ ಯಾವುದು, ಅದಕ್ಕೆ ಯಾವ ಪ್ಯಾಕೇಜುಗಳು ಬೇಕು ಎಂಬ ಎರಡು ಸಾಲಿನ ಕಡತವೂ ಎಷ್ಟೋ ವೇಳೆ ಸಾಕಾಗುವುದರಿಂದ, ಇಂಥ ಪರೀಕ್ಷೆ ರಚಿಸುವುದು ಹೊಸಬರಿಗೆ ತಕ್ಕ ಕೆಲಸವೆಂದು ಹಿರಿಯರ ಮತ.

ಆದರೆ ಸುಲಭಕಾರ್ಯವು ಸ್ವಯಂಭೂ ಅಲ್ಲ. ಪರೀಕ್ಷೆಯಿಲ್ಲದ ಪ್ಯಾಕೇಜನ್ನು ಹುಡುಕಿ, ಅದು ಹೊಸಬನ ಕೈಗೆಟುಕುವುದೇ ಎಂದು ತಿಳಿಯಲು ಪರೀಕ್ಷೆಯನ್ನು ತಾನೇ ಬರೆದು, ಓಡಿಸಿ, ಸರಿಯೆಂದು ಕಂಡ ಮೇಲೆ ಅಳಿಸಿ, ಉಳಿದ ಖಾಲಿ ಜಾಗವನ್ನು ವಿಸ್ತಾರವಾದ ಸೂಚನೆಗಳೊಡನೆ ಪ್ರಕಟಿಸುವ ಹಿರಿಯನಿಗೆ, ಕೆಲಸವನ್ನು ಮುಗಿಸುವುದಕ್ಕಿಂತ ಉಳಿಸುವುದೇ ಹೆಚ್ಚಿನ ಶ್ರಮ. ದೋಷಪಟ್ಟಿಯಲ್ಲಿ ಇಂಥದ್ದಕ್ಕೆ ಅಂಟಿಸುವ 'ನ್ಯೂಕಮರ್' ಚೀಟಿಯ ಅಧಿಕೃತ ಲಕ್ಷಣದ ಸಾರಾಂಶವೂ ಇದೇ: ಪರಿಹಾರ ಗೊತ್ತಿದೆ, ಬೇರೆ ಯಾರಾದರೂ ಮಾಡಲಿ ಎಂದು ನಿರ್ವಾಹಕರು ಕೋರುತ್ತಾರೆ. ಇಷ್ಟು ಪ್ರಾಮಾಣಿಕವಾದ ಲಕ್ಷಣ ಅಲಂಕಾರಶಾಸ್ತ್ರದಲ್ಲೂ ದುರ್ಲಭ.

ಹೊಸಬರು ಪ್ರೋಗ್ರಾಮಿನ ಆವೃತ್ತಿಸಂಖ್ಯೆ ಕೇಳಿ ಕೈತೊಳೆದುಕೊಳ್ಳುತ್ತಾರಲ್ಲ, ಇದೂ ಪರೀಕ್ಷೆಯೇ ಎಂಬುದು ಪೂರ್ವಪಕ್ಷ. ಹೆಣ್ಣು ನೋಡಲು ಹೋದವರು ಹೆಸರು ಕೇಳಿ ಎದ್ದುಬಂದಂತಿರುವ ಈ ಬಗೆಗೆ ಶಾಸ್ತ್ರಕಾರರು 'ಸೂಪರ್‌ಫಿಶಿಯಲ್' ಎಂಬ ಮುದ್ರೆಯನ್ನು ವಿಧಿಸಿದ್ದು, ಆ ಮುದ್ರೆಯ ಪರೀಕ್ಷೆಯೊಂದೇ ಇದ್ದಲ್ಲಿ ತೇರ್ಗಡೆಯಾದರೂ ಅದು ಪಾಸೆಂದು ಗಣನೆಗೆ ಬಾರದು. ಇದಕ್ಕೆ ವ್ಯತಿರಿಕ್ತವಾಗಿ, ಕೆಲಸವೆಲ್ಲ ಸಾಂಗವಾಗಿ ನೆರವೇರಿದರೂ, ದೂರುಗಳಿಗೆಂದೇ ಇರುವ ಎಸ್‌ಟಿಡಿಎರರ್ ಎಂಬ ಮಾರ್ಗದಲ್ಲಿ ಪ್ರೋಗ್ರಾಮು ಒಂದಕ್ಷರ ಗೊಣಗಿದರೆ, ವಿಶೇಷ ವಿನಾಯಿತಿ ಬರೆದಿಟ್ಟಿರದ ಪಕ್ಷದಲ್ಲಿ, ಪರೀಕ್ಷೆ ನಪಾಸು. ಗೊಣಗದೆ ದುಡಿಯುವುದನ್ನು ಸ್ವಯಂಸೇವಕರು ಯಂತ್ರದಿಂದ ಮಾತ್ರ ನಿರೀಕ್ಷಿಸಿರುವುದು ಗಮನಾರ್ಹ.

ಇನ್ನು ಫಲಶ್ರುತಿ. 'ಅನ್‌ಸ್ಟೇಬಲ್' ವಿಭಾಗದಿಂದ 'ಟೆಸ್ಟಿಂಗ್' ವಿಭಾಗಕ್ಕೆ ಪ್ಯಾಕೇಜು ಬಡ್ತಿ ಪಡೆಯುವಾಗ ಅದನ್ನು ನೆಚ್ಚಿಕೊಂಡ ಇತರ ಪ್ಯಾಕೇಜುಗಳ ಪರೀಕ್ಷೆಗಳನ್ನೂ ಓಡಿಸಿ, ಮೊದಲು ಪಾಸಾಗುತ್ತಿದ್ದುದು ಈಗ ಮುರಿದರೆ ಬಡ್ತಿಯನ್ನು ತಡೆಹಿಡಿಯುವುದರಿಂದ, ನಿನ್ನೆ ಬಂದವನು ಬರೆದ ಹತ್ತು ಸಾಲು, ವ್ಯವಸ್ಥೆಯ ಬುನಾದಿಯಂತಿರುವ ಮಹಾ ಲೈಬ್ರರಿ ಪ್ಯಾಕೇಜುಗಳನ್ನೂ ಬಾಗಿಲಲ್ಲಿ ನಿಲ್ಲಿಸಬಲ್ಲದು. ಆಗ ಹಿರಿಯರು ಅವನಿಗೆ ಅತ್ಯಂತ ವಿನಯದಿಂದ ಪತ್ರ ಬರೆಯುತ್ತಾರೆ. ಅಷ್ಟರಲ್ಲಿ ತಾನೂ ಬಲ್ಲವನಾಗಿರುವ ಅವನು, ದೋಷವನ್ನು ಪರಿಶೀಲಿಸಿ, ಪರಿಹಾರವನ್ನು ಕಂಡುಕೊಂಡು, ನ್ಯೂಕಮರ್ ಚೀಟಿ ಅಂಟಿಸುತ್ತಾನೆ.