ನಾಲ್ಕನೆಯ ಹೊಗೆಕೊಳವೆ

ಪ್ಲಾಸ್ಟಿಕ್ ಹಡಗು ಕೂಡಿಸುತ್ತ ಕೂತವನನ್ನು ಕಂಡವರೆಲ್ಲ ಕೇಳುವ ಮೊದಲ ಪ್ರಶ್ನೆ: “ಇದು ನೀರಲ್ಲಿ ಬಿಟ್ರೆ ತೇಲುತ್ತಾ?” ಎರಡನೆಯದು ಬೆಲೆ. ಬೆಲೆಯನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಮನೆಯೊಳಗಿನ ಕಿವಿಗಳು ಚುರುಕು. ಮೊದಲನೆಯದಕ್ಕೆ ಉತ್ತರ ಒದಗಿಸಿದವರು ಕಾಂಪೌಂಡಿನ ಆಚೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಬೆಳಗ್ಗೆ ದಾಸವಾಳ ಕೊಯ್ಯಲು ಗೋಡೆಯ ಹತ್ತಿರ ಬಂದರೆ, ಒಳಗಿನಿಂದ ದೇವರಪೂಜೆಗೆ ಹೊತ್ತಾಯಿತೆಂಬ ಕೂಗು ಮೂರು ಸಲ ಬಂದ ಮೇಲೇ ಹೋಗುವುದು.

“ನಿಜವಾದ ಹಡಗಿನ ತೂಕ ಎಷ್ಟು ಸ್ವಾಮಿ?”

“3,664 ಟನ್ನು, ಮೇಷ್ಟ್ರೇ.”

“ಅಳತೆ?”

“350ಕ್ಕೆ 1.”

ಗೋಡೆಯ ಮೇಲೆ ಬೆರಳಲ್ಲೇ ಲೆಕ್ಕ ಶುರುವಾಯಿತು. ಉದ್ದ 350 ಪಾಲು ಇಳಿಯಿತು, ಅಗಲವೂ ಅಷ್ಟೇ, ಎತ್ತರವೂ ಅಷ್ಟೇ. ಮೂರನ್ನೂ ಗುಣಿಸಿದರೆ 4 ಕೋಟಿ 28 ಲಕ್ಷದ 75 ಸಾವಿರ. “ಹಾಗಾದ್ರೆ ನಿಮ್ಮ ಹಡಗು 85 ಗ್ರಾಂ ತೂಗಬೇಕು. ಆಗ ಸರಿಯಾಗಿ ನೀರಿನ ಗೆರೆವರೆಗೆ ಮುಳುಗಿ ನಿಲ್ಲುತ್ತೆ. ಅದೂ ಸಮುದ್ರದ ನೀರಾದ್ರೆ. ನಮ್ಮ ನಲ್ಲಿ ನೀರಾದ್ರೆ ಎರಡು ಗ್ರಾಂ ಕಳೀರಿ.” ಆ ಎರಡು ಗ್ರಾಮಿಗೆ ನಾನು ಮೇಷ್ಟ್ರಿಗೆ ಶರಣಾದೆ. ಉಪ್ಪನ್ನೂ ಲೆಕ್ಕಕ್ಕೆ ಹಿಡಿಯುವ ಮನುಷ್ಯನ ಎದುರು ವಾದ ಹೂಡಬಾರದು.

ಹಡಗಿನ ಹೆಸರು ಎಮ್ಡೆನ್. ಜರ್ಮನಿಯ ಕೈಸರನ ನೌಕಾದಳದ ಲಘು ಕ್ರೂಸರ್, 1908ರಲ್ಲಿ ಡಾನ್‌ಜಿಗ್‌ನಲ್ಲಿ ನೀರಿಗಿಳಿದದ್ದು. ಉದ್ದ 118 ಮೀಟರು, ಫಿರಂಗಿ ಹತ್ತು, ಹೊಗೆಕೊಳವೆ ಮೂರು. ಹನ್ನೆರಡು ಬಾಯ್ಲರಿಗೂ ಕಲ್ಲಿದ್ದಲೇ ಆಹಾರ. ರೆವೆಲ್ ಕಂಪನಿಯವರ ಪೆಟ್ಟಿಗೆಯಲ್ಲಿ ಇದು 34 ಸೆಂಟಿಮೀಟರಿಗೆ ಇಳಿದಿದೆ. ಈ ಹವ್ಯಾಸದಲ್ಲಿ ಎಲ್ಲರೂ ಬಿಸ್ಮಾರ್ಕ್, ಯಮಾಟೊ ಎಂದು ದೈತ್ಯರ ಹಿಂದೆ ಬೀಳುತ್ತಾರೆ. ನನಗೆ ಅವು ಸೇರುವುದಿಲ್ಲ. ಬಿಸ್ಮಾರ್ಕ್ ಯುದ್ಧಕ್ಕೆಂದು ಹೊರಟದ್ದೇ ಒಂದು ಸಲ, 1941ರ ಮೇ ತಿಂಗಳಲ್ಲಿ. ಒಂಬತ್ತನೇ ದಿನಕ್ಕೆ ಸಮುದ್ರದ ತಳ ಸೇರಿತು. ಅದರ ಮುಂದೆ ಈ ಮೂರು ಕೊಳವೆಯ ಸಣಕಲು ಹಡಗು 1914ರಲ್ಲಿ ಎರಡು ತಿಂಗಳು ಒಂಟಿಯಾಗಿ ಹಿಂದೂ ಮಹಾಸಾಗರವನ್ನು ಅಲ್ಲಾಡಿಸಿಬಿಟ್ಟಿತು. ಹದಿನೇಳು ವ್ಯಾಪಾರಿ ಹಡಗು, ಎರಡು ಯುದ್ಧನೌಕೆ ಇದಕ್ಕೆ ತುತ್ತಾದವು. ಸೆಂಟಿಮೀಟರಿಗೆ ಇಷ್ಟು ಕಥೆ ಎಂದು ಲೆಕ್ಕ ಹಾಕಿದರೆ ಎಮ್ಡೆನ್ನಿಗೆ ಸಮನಾದದ್ದು ಇನ್ನೊಂದಿಲ್ಲ.

ಅಷ್ಟರಲ್ಲಿ ಬಟ್ಟೆ ಒಣಹಾಕಲು ಬಂದ ಮೇಷ್ಟ್ರ ಮನೆಯವರು ಕೇಳಿದರು: “ಇದೇ ಅಲ್ವೇನಪ್ಪಾ, ಮದರಾಸಿಗೆ ಗುಂಡು ಹಾಕಿದ್ದು?”

ಇದೇ. 1914ರ ಸೆಪ್ಟೆಂಬರ್ 22, ರಾತ್ರಿ ಒಂಬತ್ತು ದಾಟಿತ್ತು. ನವರಾತ್ರಿ ಶುರುವಾಗಿ ಎರಡು ಮೂರು ದಿನ. ಮನೆಮನೆಯಲ್ಲೂ ಗೊಂಬೆ ಕೂರಿಸಿದ್ದ ಕಾಲ. ಯುದ್ಧ ನಡೆಯುತ್ತಿದ್ದರೂ ಅದು ಎಲ್ಲೋ ಯೂರೋಪಿನದು ಎಂದುಕೊಂಡಿದ್ದ ಊರಿನಲ್ಲಿ ದೀಪಗಳು ಧಾರಾಳವಾಗಿ ಉರಿಯುತ್ತಿದ್ದವು. ಎಮ್ಡೆನ್ ಸದ್ದಿಲ್ಲದೆ ಬಂದರಿನ ಮುಂದೆ ನಿಂತು, ಸರ್ಚ್‌ಲೈಟ್ ಹಾಕಿ, ಸುಮಾರು 130 ಗುಂಡು ಹಾರಿಸಿ ಹೊರಟುಹೋಯಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ಗುಂಡಿಗಿಂತ ಗಾಬರಿ ದೊಡ್ಡದಾಯಿತು, ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಮಂಗಳೂರಿಗೂ ಬಳ್ಳಾರಿಗೂ ಆಗ ಮದರಾಸೇ ರಾಜಧಾನಿ. ಆದ್ದರಿಂದ ಅದು ಪರಊರಿನ ಸುದ್ದಿಯೇನೂ ಆಗಿರಲಿಲ್ಲ. ಇವತ್ತಿಗೂ ಮದರಾಸ್ ಹೈಕೋರ್ಟಿನ ಪೂರ್ವದ ಗೋಡೆಯಲ್ಲಿ ಆ ರಾತ್ರಿಯ ನೆನಪಿನ ಫಲಕವಿದೆ.

“ಎಷ್ಟು ದೂರದಿಂದ ಹೊಡೆದ?” ಮೇಷ್ಟ್ರ ಬೆರಳು ಮತ್ತೆ ಗೋಡೆಯ ಮೇಲೆ.

“ಸುಮಾರು 3,000 ಗಜ.”

“ಅಂದ್ರೆ ನಿಮ್ಮ ಅಳತೆಗೆ ಎಂಟು ಮೀಟರು.” ಅವರು ನನ್ನ ಮೇಜಿನಿಂದ ಕಣ್ಣಳತೆಯಲ್ಲೇ ನೂಲು ಹಿಡಿದರು. ನೂಲು ಕಾಂಪೌಂಡ್ ದಾಟಿ, ತುಳಸಿಕಟ್ಟೆ ಬಳಸಿ, ಅವರ ಅಡುಗೆಮನೆಯ ಹೊರಗೆ ನಿಂತಿದ್ದ ಗ್ಯಾಸ್ ಸಿಲಿಂಡರಿನ ಹತ್ತಿರ ನಿಂತಿತು. ಇಬ್ಬರೂ ಸಿಲಿಂಡರನ್ನು ನೋಡಿದೆವು. ಎಣ್ಣೆ ಟ್ಯಾಂಕ್ ಇರಬೇಕಾದ ಜಾಗ ಅದೇ.

“ಆ ತೋಪಿನ ಮೂತಿ ಆ ಕಡೆ ತಿರುಗಿಸಪ್ಪ ಮೊದಲು,” ಎಂದರು ಅಮ್ಮಾವ್ರು.

ಇನ್ನು ಕೆಲಸದ ಮಾತು. ಬಿಡಿಭಾಗಗಳು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಇದಕ್ಕೆ ಸ್ಪ್ರೂ ಎನ್ನುತ್ತಾರೆ. ಕಟರಿನಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಮರಳುಕಾಗದದಲ್ಲಿ ತಿಕ್ಕಬೇಕು. ಇದಕ್ಕೆ ಹಾಕುವ ಅಂಟು ಅಂಟೇ ಅಲ್ಲ. ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಣ ಅದು. ಎರಡು ಅಂಚುಗಳೂ ಮೆತ್ತಗಾಗಿ ಒಂದರೊಳಗೊಂದು ಬೆರೆತು, ದ್ರಾವಣ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಬೆಸುಗೆಗೆ ಬೆಂಕಿ ಬೇಕಿಲ್ಲ ಎಂಬುದಷ್ಟೇ ವ್ಯತ್ಯಾಸ. ಕಟಕಟೆಯ ಕಂಬಿಗಳು ಮಾತ್ರ ಹಿತ್ತಾಳೆಯ ತೆಳು ತಗಡಿನಲ್ಲಿ ಆಮ್ಲದಿಂದ ಕೊರೆದು ಬರುತ್ತವೆ. ಅವಕ್ಕೆ ಫೆವಿಕ್ವಿಕ್ ಜಾತಿಯದೇ ಆಗಬೇಕು. ಚಿಮಟದ ತುದಿಯಿಂದ ಅವು ಚಿಮ್ಮಿದರೆ ನೆಲಕ್ಕೆ ಬೀಳುವುದಿಲ್ಲ, ಮಾಯವಾಗುತ್ತವೆ. ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮೇಷ್ಟ್ರ ಗಣಿತವೂ ಹೇಳಲಾರದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಗ್ಗದ ಕೆಲಸ. ಎರಡು ಪಟಸ್ತಂಭ, ಅವುಗಳ ನಡುವೆ ವೈರ್‌ಲೆಸ್ಸಿನ ತಂತಿ, ಬಾವುಟದ ಹುರಿ. ಕೂದಲು ಕಟ್ಟಬಹುದಲ್ಲ ಎಂದು ಮೇಷ್ಟ್ರು ತಮ್ಮ ತಲೆಯನ್ನೇ ಸವರಿಕೊಂಡು ಕೇಳಿದರು. ಆಗದು. ಮನುಷ್ಯನ ಕೂದಲು ಸುಮಾರು 0.07 ಮಿಲಿಮೀಟರು ದಪ್ಪ. 350ರಿಂದ ಗುಣಿಸಿದರೆ ಎರಡೂವರೆ ಸೆಂಟಿಮೀಟರು. ಹಡಗು ಕಟ್ಟಿಹಾಕುವ ಹಗ್ಗಕ್ಕಾದರೂ ಆದೀತು, ವೈರ್‌ಲೆಸ್ ತಂತಿಗೆ ಅಲ್ಲ. ಅದಕ್ಕೆ ಹಳೆಯ ಉಪಾಯವೊಂದಿದೆ. ಮಿಕ್ಕ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ಹೊರಳಿಸುತ್ತ ಹಿಡಿಯಬೇಕು. ನಡುವೆ ಹೊಳಪು ಬಂದು ಬಾಗಿದ ಕ್ಷಣಕ್ಕೆ ಆಚೆ ತೆಗೆದು ಎರಡೂ ಕಡೆ ಎಳೆದರೆ ಸಕ್ಕರೆ ಪಾಕ ಎಳೆ ಬಂದ ಹಾಗೆ ನೂಲು ಬರುತ್ತದೆ. ನಿಧಾನಕ್ಕೆ ಎಳೆದರೆ ದಪ್ಪ, ಬೇಗ ಎಳೆದರೆ ತೆಳು. ಕೂದಲಿಗಿಂತ ಸಣ್ಣ ಎಳೆಯನ್ನೂ ತೆಗೆಯಬಹುದು. ಅಂಗಡಿಯಲ್ಲಿ ಈಗ ಹಿಗ್ಗುವ ದಾರದ ಉರುಳೆ ಸಿಗುತ್ತದೆ. ಸಿಗಲಿ. ಹಡಗಿನ ಹಗ್ಗ ಹಡಗಿನ ಚೌಕಟ್ಟಿನಿಂದಲೇ ಬರುವುದರಲ್ಲಿರುವ ಸುಖವನ್ನು ಉರುಳೆಯವರು ಮಾರಲಾರರು.

ಬಣ್ಣಕ್ಕೆ ಬಂದಾಗ ಮೇಷ್ಟ್ರಿಗೂ ನನಗೂ ಮೊದಲ ಜಗಳ. ಎಮ್ಡೆನ್ ಚೀನಾ ತೀರದ ಚಿಂಗ್‌ಡಾವ್‌ನಲ್ಲಿದ್ದಾಗ ಮೈಯೆಲ್ಲ ಬಿಳಿ, ಹೊಗೆಕೊಳವೆ ಹಳದಿ. ಪೂರ್ವದ ಹಂಸ ಎಂದು ಹೊಗಳಿಸಿಕೊಂಡ ಚೆಲುವೆ. ಯುದ್ಧ ಬಂದದ್ದೇ ಬೂದು ಬಣ್ಣ. ಮೇಷ್ಟ್ರಿಗೆ ಹಂಸ ಬೇಕು, “ನೋಡೋಕೆ ಲಕ್ಷಣವಾಗಿರುತ್ತೆ.” ನನಗೆ ಬೂದು ಬೇಕು. ಬೂದು ಎಂದರೂ ಮುಗಿಯಲಿಲ್ಲ, ಯಾವ ದಿನದ ಬೂದು? ಆಗಸ್ಟಿನದು ಹೊಸ ಬಣ್ಣ. ಆಮೇಲೆ ನಡುಸಮುದ್ರದಲ್ಲಿ ಇನ್ನೊಂದು ಹಡಗಿಗೆ ಮೈಯೊತ್ತಿ ನಿಂತು ಕಲ್ಲಿದ್ದಲು ಚೀಲಗಳನ್ನು ಎಳೆದುಕೊಂಡ ಮೇಲೆ ಎಲ್ಲಿಯ ಹೊಸತನ? ಅಕ್ಟೋಬರಿನಲ್ಲಿ ಡಿಯೆಗೊ ಗಾರ್ಸಿಯಾ ದ್ವೀಪಕ್ಕೆ ಹೋಗಿ, ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ ತಳದ ಪಾಚಿ ಕೆರೆದರು. ಅಲ್ಲಿಯವರಿಗೆ ಯುದ್ಧ ಶುರುವಾದ ಸುದ್ದಿಯೇ ಮುಟ್ಟಿರಲಿಲ್ಲ. ಜರ್ಮನ್ನರು ಅದನ್ನು ಹೇಳಲೂ ಇಲ್ಲ, ಬದಲಿಗೆ ಊರಿನ ಕೆಟ್ಟ ಮೋಟಾರು ದೋಣಿಯೊಂದನ್ನು ರಿಪೇರಿ ಮಾಡಿಕೊಟ್ಟು ಕೈಮುಗಿದು ಹೊರಟರು. ಅಂದರೆ ಅಕ್ಟೋಬರ್ 10ಕ್ಕೆ ಮುಂಚಿನ ಎಮ್ಡೆನ್ ಆದರೆ ನೀರಿನ ಗೆರೆಯಲ್ಲಿ ಹಸಿರು ಹಚ್ಚಬೇಕು, ಆಮೇಲಿನದಾದರೆ ಹಚ್ಚಕೂಡದು. ಮಾದರಿ ಮಾಡುವವನು ಹಡಗನ್ನು ಮಾಡುವುದಿಲ್ಲ, ಒಂದು ತಾರೀಖನ್ನು ಮಾಡುತ್ತಾನೆ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಬಣ್ಣ ಬಳಿಯುವವರಿಗೆ ಈ ತಲೆನೋವಿಲ್ಲ. ಅವರಿಗೆ ಒಳ್ಳೆಯ ನಿದ್ದೆಯೂ ಬರುತ್ತದೆ.

ನಾನು ಆರಿಸಿಕೊಂಡ ತಾರೀಖು ಅಕ್ಟೋಬರ್ 28, ಪೆನಾಂಗ್. ಅಲ್ಲೇ ಇರುವುದು ನಿಜವಾದ ತೊಡಕು.

ಬ್ರಿಟಿಷರ ಕೆಲವು ಕ್ರೂಸರ್‌ಗಳಿಗೆ ನಾಲ್ಕು ಹೊಗೆಕೊಳವೆ. ಎಮ್ಡೆನ್ನಿಗೆ ಮೂರು. ಕ್ಯಾಪ್ಟನ್ ಫಾನ್ ಮ್ಯುಲರನ ಜನ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಬಿಗಿದು ನಾಲ್ಕನೆಯದನ್ನು ಹೊಲಿದು ನಿಲ್ಲಿಸಿದರು. ಬೇಕಾದಾಗ ಎತ್ತುವುದು, ಬೇಡವಾದಾಗ ಇಳಿಸುವುದು. ಬೆಳಗು ಹರಿಯುವ ಮೊದಲು ಈ ವೇಷದಲ್ಲಿ ಪೆನಾಂಗ್ ಬಂದರನ್ನು ಹೊಕ್ಕು, ಹೊಡೆಯುವ ಮುನ್ನ ತನ್ನ ಜರ್ಮನ್ ಬಾವುಟವನ್ನೇ ಏರಿಸಿ, ರಷ್ಯದ ಕ್ರೂಸರ್ ಜೆಮ್‌ಚುಗ್‌ಗೆ ಟಾರ್ಪೆಡೊ ಬಿಟ್ಟಿತು. ಹೊರಗೆ ಎದುರಾದ ಫ್ರೆಂಚ್ ನಾಶಕ ನೌಕೆ ಮುಸ್ಕೆಯನ್ನೂ ಮುಳುಗಿಸಿ, ಬದುಕಿದ್ದವರನ್ನು ನೀರಿನಿಂದ ಎತ್ತಿಕೊಂಡಿತು. ಕೊಳವೆ ಸುಳ್ಳಿರಬಹುದು, ಗುಂಡು ಹಾರಿಸುವಾಗ ಬಾವುಟ ಸುಳ್ಳಿರಕೂಡದು. ಇದು ಆ ಕಾಲದ ಸಮುದ್ರಯುದ್ಧದ ರೂಢಿ. ಮೇಷ್ಟ್ರು ಇದನ್ನು ಕೇಳಿ, “ಒಳ್ಳೆ ನ್ಯಾಯ ಕಣ್ರೀ,” ಎಂದು ಬಹಳ ಹೊತ್ತು ನಕ್ಕರು.

ಈಗ ಪ್ರಶ್ನೆ, ಈ ನಾಲ್ಕನೆಯ ಕೊಳವೆಯನ್ನು ನಾನು ಎಷ್ಟು ಚೆನ್ನಾಗಿ ಮಾಡಬೇಕು? ಮುಂದಿನ ಮೂರೂ ಪ್ಲಾಸ್ಟಿಕ್ಕಿನವು, ಅವುಗಳಿಂದಲೂ ಹೊಗೆ ಬರುವುದಿಲ್ಲ. ಆದರೂ ಅವು ಅಸಲಿಯಂತೆ ಕಾಣಬೇಕು. ನಾಲ್ಕನೆಯದು ನಕಲಿಯಂತೆ ಕಾಣಬೇಕು. ಹಾಗೆಂದು ತೀರಾ ಕೆಟ್ಟದಾಗಿ ಮಾಡಿದರೆ ಪೆನಾಂಗಿನಲ್ಲಿ ಕಾವಲಿದ್ದವರು ಮೋಸಹೋದದ್ದು ನಂಬುವಂತಿರುವುದಿಲ್ಲ. ತೀರಾ ಚೆನ್ನಾಗಿ ಮಾಡಿದರೆ ಹನ್ನೆರಡು ದಿನದ ಮೇಲೆ ಕೋಕೋಸ್ ದ್ವೀಪದಲ್ಲಿ ನಡೆದದ್ದು ನಂಬುವಂತಿರುವುದಿಲ್ಲ. ಅಲ್ಲಿನ ಟೆಲಿಗ್ರಾಫ್ ಕಚೇರಿಯವರು ಹಡಗನ್ನು ನೋಡಿದವರೇ, ಒಂದು ಕೊಳವೆ ಬಟ್ಟೆಯದು ಎಂದು ಗುರುತು ಹಿಡಿದರು. ತಕ್ಷಣ ಅಪರಿಚಿತ ಯುದ್ಧನೌಕೆ ಬಂದಿದೆ ಎಂಬ ಸುದ್ದಿ ತಂತಿಯಲ್ಲೂ ವೈರ್‌ಲೆಸ್ಸಿನಲ್ಲೂ ಹೊರಟಿತು. ಕೆಲವೇ ಗಂಟೆ ದೂರದಲ್ಲಿ ಆಸ್ಟ್ರೇಲಿಯದ ಕ್ರೂಸರ್ ಸಿಡ್ನಿ ಇತ್ತು.

ಎಮ್ಡೆನ್ನಿನಿಂದ ದಡಕ್ಕೆ ಇಳಿದಿದ್ದ ಲೆಫ್ಟಿನೆಂಟ್ ಫಾನ್ ಮ್ಯೂಕನ ಐವತ್ತು ಜನ ವೈರ್‌ಲೆಸ್ ಕಂಬ ಉರುಳಿಸುತ್ತಿದ್ದರು. ದಯವಿಟ್ಟು ನಮ್ಮ ಟೆನಿಸ್ ಅಂಗಳದ ಮೇಲೆ ಬೀಳಿಸಬೇಡಿ ಎಂದು ಕಚೇರಿಯವರು ಕೇಳಿಕೊಂಡರಂತೆ, ಇವರು ಒಪ್ಪಿದರಂತೆ. ಅಷ್ಟರಲ್ಲಿ ಸಿಡ್ನಿ ಬಂತು. ಎಮ್ಡೆನ್ನಿನ ಫಿರಂಗಿಯ ಬಾಯಿ ಹತ್ತೂವರೆ ಸೆಂಟಿಮೀಟರು, ಸಿಡ್ನಿಯದು ಹದಿನೈದು. ಗಣಿತ ಅಲ್ಲಿಗೇ ಮುಗಿಯಿತು. 130ಕ್ಕೂ ಹೆಚ್ಚು ಜನ ಸತ್ತರು, ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಬೇಕಾಯಿತು. ದಡದಲ್ಲಿ ಉಳಿದ ಮ್ಯೂಕನ ಗುಂಪು ಆಯೇಷಾ ಎಂಬ ಹಳೆಯ ಹಾಯಿಹಡಗನ್ನು ಹೊಡೆದುಕೊಂಡು ಹೊರಟು, ಸುಮಾತ್ರಾ, ಅರೇಬಿಯ ಸುತ್ತಿ ಮರುವರ್ಷ ಇಸ್ತಾಂಬುಲ್ ತಲುಪಿತು. ಅದು ಬೇರೆಯೇ ಒಂದು ಪೆಟ್ಟಿಗೆಯ ಕಥೆ.

ಒಡೆದು ದಿಬ್ಬ ಹತ್ತಿದ ಎಮ್ಡೆನ್ನನ್ನೇ ಮಾದರಿ ಮಾಡುವವರಿದ್ದಾರೆ. ಕಬ್ಬಿಣ ಹರಿದ ಬಗೆ, ತುಕ್ಕಿನ ಬಗೆ ಎಲ್ಲ ತೋರಿಸಬಹುದು, ಕೈಚಳಕಕ್ಕೆ ಒಳ್ಳೆಯ ಅವಕಾಶ. ನನಗೆ ಮನಸ್ಸಿಲ್ಲ. ಈ ಅಳತೆಯಲ್ಲಿ ಒಬ್ಬ ನಾವಿಕ ಐದು ಮಿಲಿಮೀಟರು ಎತ್ತರ. ಅಷ್ಟು ಚಿಕ್ಕವರಾದ ಮಾತ್ರಕ್ಕೆ ಅವರನ್ನು ಹಾಗೆ ಮಲಗಿಸುವುದು ನನ್ನ ಕೈಲಾಗದು.

ಕೊಳವೆಯ ತೊಡಕಿಗೆ ಪರಿಹಾರ ಹೊಳೆದದ್ದು ಮೇಷ್ಟ್ರಿಗೆ. “ಅವರೇ ಎತ್ತಿ ಇಳಿಸ್ತಿದ್ರು ಅಂತೀರಿ. ನೀವ್ಯಾಕೆ ಅಂಟಿಸ್ತೀರಿ?” ಹೌದಲ್ಲ! ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಕಡ್ಡಿಯ ಚೌಕಟ್ಟಿಗೆ ಸುತ್ತಿ, ಒಣಗಿದ ಮೇಲೆ ಬೂದು ಹಚ್ಚಿದರೆ ಅಲ್ಲಲ್ಲಿ ಸುಕ್ಕು ಬಿದ್ದು ಬಟ್ಟೆಯಂತೆಯೇ ಕಾಣುತ್ತದೆ. ಹತ್ತಿರದಿಂದ ನಕಲಿ, ಎಂಟು ಮೀಟರು ದೂರದಿಂದ ಅಸಲಿ. ಅಂಟಿಸದೆ ಸುಮ್ಮನೆ ಇಟ್ಟಿದ್ದೇನೆ. ಮೇಷ್ಟ್ರು ಬಂದಾಗಲೆಲ್ಲ ಅದನ್ನು ಎರಡು ಬೆರಳಲ್ಲಿ ಎತ್ತುತ್ತಾರೆ, ಇಡುತ್ತಾರೆ, “ಈಗ ಬ್ರಿಟಿಷರು, ಈಗ ಜರ್ಮನ್ನರು,” ಎನ್ನುತ್ತಾರೆ.

ಈ ದಸರಾಕ್ಕೆ ತಮ್ಮ ಗೊಂಬೆಗಳ ಜೊತೆ ಹಡಗನ್ನೂ ಕೂರಿಸಬೇಕೆಂದು ಅಮ್ಮಾವ್ರು ಕೇಳಿದ್ದಾರೆ. ಕಳೆದ ವರ್ಷ ರೈಲು ಇಟ್ಟಿದ್ದರು, ಈ ಸಲ ಹಡಗು. ಮೇಷ್ಟ್ರು ನೀಲಿ ಕಾಗದದ ಸಮುದ್ರವನ್ನು ಸ್ಕೇಲ್ ಪ್ರಕಾರ ಕತ್ತರಿಸಿಯೂ ಆಗಿದೆ. ಅಮ್ಮಾವ್ರದು ಎರಡೇ ಷರತ್ತು: ಅಕ್ಟೋಬರ್ ತಾರೀಖು ಏನೇ ಇರಲಿ, ಗೊಂಬೆ ಮೆಟ್ಟಿಲ ಮೇಲೆ ಕೊಳಕು ಹಡಗು ಬೇಡ, ಆ ಮಸಿ ಒರೆಸಿ ಕೊಡಬೇಕು. ಮತ್ತೆ, ಪಟ್ಟದ ಗೊಂಬೆಗಳ ಕಡೆ ಒಂದು ತೋಪಿನ ಬಾಯಿಯೂ ತಿರುಗಿರಕೂಡದು. ಎರಡನೆಯದಕ್ಕೆ ಒಪ್ಪಿದ್ದೇನೆ. ಮಸಿಯ ವಿಷಯದಲ್ಲಿ ಮಾತುಕತೆ ನಡೆದಿದೆ.