ಕೇಕು, ಕೊಲೆ ಮತ್ತು ಪಾದ್ರಿ

1940ರಲ್ಲಿ ಹಾಲಿವುಡ್ ಒಬ್ಬ ಪಾದ್ರಿಯನ್ನು ಕೆಲಸದಿಂದ ತೆಗೆದು ಲೈಬ್ರರಿಯನ್ ಮಾಡಿತು. ಆತನ ಹೆಸರು ಕಾಲಿನ್ಸ್. ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿದವರಿಗೆ ಈ ಮಹಾಶಯ ಗೊತ್ತು. ಹಣವಂತ ಒಡತಿಯ ಮುಂದೆ ಸೊಂಟ ಬಗ್ಗಿಸಿಯೇ ಬದುಕಿದವನು, ಮದುವೆ ಪ್ರಸ್ತಾಪವನ್ನೂ ಬಾಯಿಪಾಠದಂತೆ ಒಪ್ಪಿಸಿದವನು. ಕಾದಂಬರಿಯಲ್ಲಿ ಆತ ಚರ್ಚ್ ಆಫ್ ಇಂಗ್ಲೆಂಡ್‌ನ, ಅಂದರೆ ಆಂಗ್ಲಿಕನ್ ಸಭೆಯ ಪಾದ್ರಿ. ಎಂಜಿಎಂ ಕಂಪನಿಯ ಸಿನಿಮಾದಲ್ಲಿ ಮಾತ್ರ ಲೈಬ್ರರಿಯನ್. ಧರ್ಮಗುರುಗಳನ್ನು ನಗೆಪಾಟಲು ಮಾಡಕೂಡದು ಎಂದು ಹಾಲಿವುಡ್ಡಿನ ಆಗಿನ ಸೆನ್ಸಾರ್ ಸಂಹಿತೆ ಕಟ್ಟಪ್ಪಣೆ ಮಾಡಿತ್ತು. ಲೈಬ್ರರಿಯನ್ನರ ಬಗ್ಗೆ ಅದು ತುಟಿ ಬಿಚ್ಚಿರಲಿಲ್ಲ. ಪುಸ್ತಕ ಕಾಯುವವರ ಭಾವನೆಗೆ ಧಕ್ಕೆಯಾಯಿತೆಂದು ಬೀದಿಗಿಳಿದವರನ್ನು ಯಾರು ಕಂಡಿದ್ದಾರೆ? ಆಸ್ಟಿನ್ ಸ್ವತಃ ಪಾದ್ರಿಯ ಮಗಳು. ಆಕೆ ಮನೆಯೊಳಗೆ ಕೂತು, ಕಣ್ಣಾರೆ ಕಂಡು ಬರೆದದ್ದನ್ನು ಕಡಲಾಚೆಯ ಅಧಿಕಾರಿಯೊಬ್ಬ ಭಕ್ತಿಯಿಂದ ತಿದ್ದಿದ.

ಅದೇ ಎಂಜಿಎಂ ಎರಡೇ ವರ್ಷದಲ್ಲಿ ‘ಮಿಸೆಸ್ ಮಿನಿವರ್’ ತೆಗೆಯಿತು. ಬಾಂಬಿಗೆ ಸೂರು ಹಾರಿಹೋದ ಹಳ್ಳಿಯ ಚರ್ಚಿನಲ್ಲಿ ಪಾದ್ರಿ ನಿಂತು, ಇದು ಬರೀ ಸಿಪಾಯಿಗಳ ಯುದ್ಧವಲ್ಲ, ಎಲ್ಲ ಜನರ ಯುದ್ಧ ಎಂದು ಉಪದೇಶಿಸುತ್ತಾನೆ. ಅಧ್ಯಕ್ಷ ರೂಸ್‌ವೆಲ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ, ಕರಪತ್ರವಾಗಿ ಅಚ್ಚು ಹಾಕಿಸಿ ಯುರೋಪಿನ ಮೇಲೆ ವಿಮಾನದಿಂದ ಉದುರಿಸಲು ಹೇಳಿದರಂತೆ. ಆಂಗ್ಲಿಕನ್ ಪಾದ್ರಿಯೊಬ್ಬ ತೆರೆಯ ಮೇಲೆ ಗಂಭೀರವಾಗಿ ಮಾತಾಡಿ, ಜನ ನಗದೆ ಕೇಳಿದ್ದು ಆಗ. ಯುದ್ಧ ಮುಗಿಯಿತು, ಗಾಂಭೀರ್ಯವೂ ಮುಗಿಯಿತು.

ನಂತರ ಬಿಬಿಸಿ ಕಾಲ. 1966ರಲ್ಲಿ ಶುರುವಾದ ‘ಆಲ್ ಗ್ಯಾಸ್ ಅಂಡ್ ಗೇಟರ್ಸ್’ನಲ್ಲಿ ಬಿಷಪ್ಪರೂ ಆರ್ಚ್‌ಡೀಕನ್ನರೂ ಶೆರ್ರಿ ಹೀರುತ್ತ ಕಾಲ ಕಳೆದರು. ‘ಡ್ಯಾಡ್ಸ್ ಆರ್ಮಿ’ಯ ಪಾದ್ರಿಗೆ ಹಿಟ್ಲರ್‌ಗಿಂತ ದೊಡ್ಡ ತಲೆನೋವು ಚರ್ಚಿನ ಹಾಲ್‌ನದು. ಅದು ಯಾರಿಗೆ ಯಾವಾಗ ಸಿಗಬೇಕು ಎಂಬುದೇ ಆತನ ಮಹಾಯುದ್ಧ. ನಮ್ಮ ಮನೆಗಳಿಗೆ ಇಂಗ್ಲೆಂಡಿನ ಚರ್ಚು ಹೊಕ್ಕದ್ದು ಮಿಸ್ಟರ್ ಬೀನ್ ಜೊತೆಗೆ. 1990ರ ಜನವರಿ 1ರಂದು ಪ್ರಸಾರವಾದ ಮೊಟ್ಟಮೊದಲ ಕಂತಿನಲ್ಲೇ ಆತ ಚರ್ಚಿನಲ್ಲಿ ತೂಕಡಿಸಿ ಮುಂದಕ್ಕೆ ಜಾರುತ್ತಾನೆ, ಸೀನು ಬಂದು ಒದ್ದಾಡುತ್ತಾನೆ, ಹಾಡಿನ ಪುಸ್ತಕ ಕೈಯಲ್ಲಿಲ್ಲದೆ ‘ಹಲ್ಲೆಲೂಯ’ ಬಂದಾಗ ಮಾತ್ರ ಎದೆ ಬಿರಿಯುವಂತೆ ಕೂಗುತ್ತಾನೆ. ಅಕ್ಕಪಕ್ಕದವರಿಗೆ ಇದರಿಂದ ಕಿರಿಕಿರಿ. ಸಿಟ್ಟು ಬರುವಷ್ಟು ಶ್ರದ್ಧೆ ಅವರಲ್ಲೂ ಇದ್ದಂತಿಲ್ಲ. ಆ ದೃಶ್ಯಕ್ಕೆ ನಾವೆಲ್ಲ ನಕ್ಕೆವು. ಅದೇ ಆಟವನ್ನು ನಮ್ಮಲ್ಲಿ ಯಾವುದಾದರೂ ದೇವಸ್ಥಾನದಲ್ಲೋ ದರ್ಗಾದಲ್ಲೋ ಆಡಿಸಿ ನೋಡಿ, ಸಂಜೆಯೊಳಗೆ ಎಫ್ಐಆರ್ ಆಗಿರುತ್ತದೆ.

ಈ ಆಂಗ್ಲಿಕನ್ ಸಭೆಯನ್ನು ನೋಡಿ ಇಷ್ಟು ನಿರಾತಂಕವಾಗಿ ನಗಲು ಬಿಟ್ಟದ್ದೇಕೆ? ಅದು ದೇಶದ ಅಧಿಕೃತ ಚರ್ಚು. ರಾಜನೇ ಅದರ ಮುಖ್ಯಸ್ಥ. 26 ಬಿಷಪ್ಪರಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ. ನಮ್ಮ ಮುಜರಾಯಿ ಇಲಾಖೆಗೆ ಶಾಸನಸಭೆಯಲ್ಲೂ ಸೀಟು ಕೊಟ್ಟರೆ ಹೇಗಿರುತ್ತದೋ ಹಾಗೆ. ಇಲಾಖೆಯನ್ನು ನೋಡಿ ನಕ್ಕರೆ ದೇವರಿಗೆ ಬೇಸರವಾಗುವುದಿಲ್ಲವಲ್ಲ! ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ‘ಯೆಸ್, ಪ್ರೈಮ್ ಮಿನಿಸ್ಟರ್’ ಬರೆದವರು. 1986ರ ಒಂದು ಕಂತಿನಲ್ಲಿ ಬಿಷಪ್ ಹುದ್ದೆ ಖಾಲಿಯಾಗಿ ಪ್ರಧಾನಿಯ ಮೇಜಿಗೆ ಹೆಸರುಗಳು ಬರುತ್ತವೆ. ಒಬ್ಬ ಅಭ್ಯರ್ಥಿಗೆ ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಎಂದು ತಿಳಿದು ಪ್ರಧಾನಿ ಗಾಬರಿಯಾದರೆ, ಕಾರ್ಯದರ್ಶಿ ಸರ್ ಹಂಫ್ರಿ ಹುಬ್ಬೂ ಅಲುಗಿಸದೆ ಸಮಾಧಾನ ಹೇಳುತ್ತಾನೆ. ರಾಣಿ ಇಲ್ಲದ ಚರ್ಚನ್ನು ಊಹಿಸುವುದು ಅವನಿಗೆ ಕಷ್ಟ, ದೇವರಿಲ್ಲದ್ದನ್ನು ಊಹಿಸುವುದು ಸಲೀಸು. ಜನ ಇದನ್ನು ಉತ್ಪ್ರೇಕ್ಷೆ ಎಂದುಕೊಂಡರು. ಪ್ರಧಾನಿಗೆ ಎರಡು ಹೆಸರು ಕಳಿಸಿ ಆರಿಸಿಕೊಳ್ಳಲು ಬಿಡುವ ಪದ್ಧತಿ ನಿಜಕ್ಕೂ ಇತ್ತು. 2007ರಲ್ಲಿ ಗಾರ್ಡನ್ ಬ್ರೌನ್ ತಾವಾಗಿ ಬಿಟ್ಟುಕೊಡುವ ತನಕ ನಡೆಯಿತು.

1994ರ ಮಾರ್ಚ್‌ನಲ್ಲಿ ಬ್ರಿಸ್ಟಲ್ ಕೆಥೆಡ್ರಲ್‌ನಲ್ಲಿ 32 ಮಹಿಳೆಯರಿಗೆ ಈ ಸಭೆ ಮೊದಲ ಬಾರಿ ಪಾದ್ರಿ ದೀಕ್ಷೆ ಕೊಟ್ಟಿತು. ಅದೇ ನವೆಂಬರ್‌ಗೆ ಬಿಬಿಸಿಯಲ್ಲಿ ‘ದಿ ವಿಕರ್ ಆಫ್ ಡಿಬ್ಲಿ’ ತಯಾರು. ಡಾನ್ ಫ್ರೆಂಚ್ ಆಡಿದ ಹಳ್ಳಿ ಪಾದ್ರಿ ಜೆರಾಲ್ಡಿನ್ ಪಾತ್ರದ ಬಗ್ಗೆ ನನಗೆ ತಕರಾರಿಲ್ಲ. ಕ್ರಿಸ್‌ಮಸ್ ದಿನ ಯಾರಿಗೂ ಇಲ್ಲ ಎನ್ನಲಾಗದೆ ಮನೆಯಿಂದ ಮನೆಗೆ ಹೋಗಿ ಊಟದ ಮೇಲೆ ಊಟ ಬಡಿಯುವ ಆ ಹೆಂಗಸು, ದೀಕ್ಷೆ ಪಡೆದ ಮಹಿಳೆಯರಿಗೆ ಸಭೆಯ ನೂರು ಗೊತ್ತುವಳಿ ಮಾಡಲಾಗದ ಉಪಕಾರ ಮಾಡಿದಳು. ಹಳ್ಳಿಯ ದೊಡ್ಡಮನುಷ್ಯ ಡೇವಿಡ್ ಹಾರ್ಟನ್ ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಮೆತ್ತಗಾಗುತ್ತಾನೆ. ಟಿವಿಯಲ್ಲಿ ವಿರೋಧಕ್ಕೆ ಆಯುಸ್ಸು ಅಷ್ಟೇ. ಹೊರಗೆ ಮೊದಲ ಮಹಿಳಾ ಬಿಷಪ್ ಲಿಬಿ ಲೇನ್ ಬರಲು 2015 ಆಯಿತು. ಸಭೆಯಲ್ಲಿ ಎಲ್ಲಕ್ಕಿಂತ ಹಿರಿದಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಸಾರಾ ಮುಲ್ಲಾಲಿ ಅವರ ಹೆಸರು ಬಂದದ್ದು 2025ರಲ್ಲಿ. ಹೆಂಗಸು ನಮಗೆ ಬೇಡ ಎನ್ನುವ ಸ್ಥಳೀಯ ಸಭೆಗಳಿಗೆ ಹಾಗೆಂದು ಗೊತ್ತುವಳಿ ಮಾಡಲು ಇವತ್ತಿಗೂ ನಿಯಮದಲ್ಲೇ ದಾರಿ ಬಿಟ್ಟಿದ್ದಾರೆ. ಡಿಬ್ಲಿಯಲ್ಲಿ ಆ ನಿಯಮಾವಳಿಯ ಮೇಲೆ ಒಂದು ಕಂತೂ ಬರಲಿಲ್ಲ, ಅದರಲ್ಲಿ ಊಟ ಇಲ್ಲವಲ್ಲ.

ನಗು ಸಾಲದೆಂದು ಕೊಲೆ ಬಂತು. 2014ರಲ್ಲಿ ಐಟಿವಿಯಲ್ಲಿ ಶುರುವಾದ ‘ಗ್ರ್ಯಾಂಚೆಸ್ಟರ್’ನ ಮೂಲ ಕಥೆಗಳನ್ನು ಬರೆದವರು ಜೇಮ್ಸ್ ರನ್ಸಿ. ಅವರ ತಂದೆ ರಾಬರ್ಟ್ ರನ್ಸಿ 1980ರಿಂದ 1991ರವರೆಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಆರ್ಚ್‌ಬಿಷಪ್ಪರ ಮಗನಿಗೇ, ಹೆಣ ಬೀಳದಿದ್ದರೆ ಪಾದ್ರಿಯ ಕಥೆ ಯಾರೂ ಓದುವುದಿಲ್ಲ ಎಂದು ಗೊತ್ತಿತ್ತು ಅನ್ನಿ. ಪಾದ್ರಿ ಸಿಡ್ನಿ ಚೇಂಬರ್ಸ್ ಜಾಝ್ ಕೇಳುತ್ತಾನೆ, ವಿಸ್ಕಿ ಕುಡಿಯುತ್ತಾನೆ, ಇನ್‌ಸ್ಪೆಕ್ಟರ್ ಜೊತೆ ಕೊಲೆಗಾರನನ್ನು ಹುಡುಕುತ್ತಾನೆ. ಭಾನುವಾರ ಬಂದರೆ ಆ ವಾರದ ಕೇಸನ್ನೇ ಪ್ರವಚನ ಮಾಡಿ ಒಪ್ಪಿಸುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಪೂಜಾರಿ ಧಾರಾಳಿ, ಊರಿಗೆಲ್ಲ ಸಾಂತ್ವನ ಹಂಚುತ್ತಾನೆ. ವರ ಕೊಡಬೇಕಾದವನಿಗೆ ಮಾತ್ರ ಪಾತ್ರ ಬರೆದಿಲ್ಲ.

2024ರ ಹೊತ್ತಿಗೆ ಆ ಊರಿಗೆ ಭಾರತೀಯ ಮೂಲದ ಹೊಸ ಪಾದ್ರಿ ಬಂದ, ಆಲ್ಫಿ ಕೊಟ್ಟಾರಮ್. ನಟ ರಿಷಿ ನಾಯರ್. ಸಂತೋಷವೇ. ಆದರೆ ಇದೇ ಆಂಗ್ಲಿಕನ್ ಸಭೆ ಭಾರತೀಯರೇ ಆದ ವಿ.ಎಸ್. ಅಜರಯ್ಯ ಅವರನ್ನು ದೋರ್ಣಕಲ್‌ನ ಬಿಷಪ್ ಮಾಡಿದ್ದು 1912ರಲ್ಲಿ! ಅದಕ್ಕೆ ಪ್ರತಿಭಟಿಸಿದವರು ಇರಲಿಲ್ಲವೆಂದಲ್ಲ, ಆದರೂ ಮಾಡಿತು. ಮೂಢ ಸಂಪ್ರದಾಯವಾದಿ ಎಂದು ತೆರೆ ಯಾವ ಸಭೆಯನ್ನು ಕಿಚಾಯಿಸುತ್ತದೋ ಆ ಸಭೆಯೇ ಈ ವಿಷಯದಲ್ಲಿ ತೆರೆಗಿಂತ ನೂರು ವರ್ಷ ಮುಂದಿತ್ತು.

ಇನ್ನು ಭಾವೋದ್ರೇಕ, ಪಾಪಪ್ರಜ್ಞೆ, ನಿಷಿದ್ಧ ಪ್ರೇಮ ಬೇಕಾದರೆ ಬ್ರಿಟಿಷ್ ಟಿವಿ ಕ್ಯಾಥೊಲಿಕರ ಮನೆ ಬಾಗಿಲು ತಟ್ಟುತ್ತದೆ. ‘ಫ್ಲೀಬ್ಯಾಗ್’ ನೋಡಿದವರು ಮರುಳಾದ ಪಾದ್ರಿ ಕ್ಯಾಥೊಲಿಕ್. ಆಂಗ್ಲಿಕನ್ ಆಗಿದ್ದರೆ ಮದುವೆಯಾಗಿಬಿಡಬಹುದಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪತ್ತೇದಾರಿ ಪಾದ್ರಿ ಫಾದರ್ ಬ್ರೌನ್ ಕೂಡ ಕ್ಯಾಥೊಲಿಕ್ಕೇ, ಆದರೆ ಧಾರಾವಾಹಿಯಲ್ಲಿ ಆತನ ಚರ್ಚಾಗಿ ತೋರಿಸಿದ್ದು ಬ್ಲಾಕ್ಲಿ ಎಂಬ ಹಳ್ಳಿಯ ಆಂಗ್ಲಿಕನ್ ಚರ್ಚು. ಎಂಟನೇ ಹೆನ್ರಿಯ ಕಾಲದಲ್ಲಿ ರೋಮ್‌ನಿಂದ ಕಿತ್ತುಕೊಂಡದ್ದನ್ನು ಕ್ಯಾಮೆರಾ ಬಂದಾಗ ಮರಳಿಸುತ್ತಾರೆ. ‘ಕಾಲ್ ದ ಮಿಡ್‌ವೈಫ್’ನ ಸನ್ಯಾಸಿನಿಯರು ನಿಜಕ್ಕೂ ಆಂಗ್ಲಿಕನ್ನರು, ನೋಡುವವರು ಕ್ಯಾಥೊಲಿಕ್ ಅಂದುಕೊಳ್ಳುತ್ತಾರೆ. ನಮ್ಮ ಸಿನಿಮಾದವರೂ ಏನು ಕಮ್ಮಿಯಿಲ್ಲ. ನಿಲುವಂಗಿಯ ಫಾದರ್, ಮೇಣದಬತ್ತಿ, ಪಾಪನಿವೇದನೆಯ ಪೆಟ್ಟಿಗೆ ಇಷ್ಟಿದ್ದರೆ ಚರ್ಚ್ ಸೀನು ಓಕೆ. ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷರ ಕಾಲದ ಆಂಗ್ಲಿಕನ್ನರು 1947ರಲ್ಲಿ ಇತರರೊಡನೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆದರು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲೇ ಅವರ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಇದೆ. ಆ ಸಭೆಯ ಪಾದ್ರಿಗೆ ಹೆಂಡತಿ ಮಕ್ಕಳಿರುತ್ತಾರೆ ಎಂಬ ಸುದ್ದಿ ಗಾಂಧಿನಗರಕ್ಕೆ ಇನ್ನೂ ಮುಟ್ಟಿದಂತಿಲ್ಲ.

ಇಷ್ಟಾದ ಮೇಲೂ ನನ್ನ ಅಸಲು ದೂರು ಬೇರೆ. ತೆರೆಯ ಮೇಲಿನ ಪಾದ್ರಿ ಕೊಲೆ ಮಾಡಬಹುದು, ‘ಮಿಡ್‌ಸಮರ್ ಮರ್ಡರ್ಸ್’ನಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಆದರೆ ದೂರಿನ ಫೈಲು ಮುಚ್ಚಿಡುವ ಹಾಗಿಲ್ಲ. ಪೀಟರ್ ಬಾಲ್ ಎಂಬ ಬಿಷಪ್ ಯುವಕರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2015ರಲ್ಲಿ ಜೈಲಿಗೆ ಹೋದ, ಅದೂ ಮೊದಲ ದೂರು ಬಂದು ಎರಡು ದಶಕ ಕಳೆದ ಮೇಲೆ. ಬಾಲಕರನ್ನು ಹಿಂಸಿಸಿದ ಜಾನ್ ಸ್ಮಿತ್ ಪ್ರಕರಣದಲ್ಲಿ ಸಭೆ ನಡೆದುಕೊಂಡ ರೀತಿಯ ಬಗ್ಗೆ ಮೇಕಿನ್ ವರದಿ ಬಂದು, ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಪ್ರಕಟಿಸಬೇಕಾಯಿತು. ಬಾಲ್ ಪ್ರಕರಣದ ಮೇಲೆ ಬಿಬಿಸಿ 2020ರಲ್ಲಿ ಎರಡು ಕಂತಿನ ಸಾಕ್ಷ್ಯಚಿತ್ರ ಮಾಡಿತು, ಒಪ್ಪೋಣ. ಧಾರಾವಾಹಿಗಳ ಲೋಕದಲ್ಲಿ ಮಾತ್ರ ಕೇಕು ಹಂಚುವ ಪಾದ್ರಿಯದೇ ರಾಜ್ಯಭಾರ. ಪಾಪದ ಮನುಷ್ಯ, ಸ್ವಲ್ಪ ಪೆದ್ದ, ಇರುವೆಗೂ ನೋವು ಮಾಡದವನು ಎಂದು ಐವತ್ತು ವರ್ಷ ಪುಕ್ಕಟೆ ಜಾಹೀರಾತು ಸಿಕ್ಕ ಸಂಸ್ಥೆಯ ವಿರುದ್ಧ ದೂರು ಹಿಡಿದು ಹೋದ ಹುಡುಗನನ್ನು ಯಾರು ನಂಬಿಯಾರು? 1940ರ ಸೆನ್ಸಾರ್ ಸಂಹಿತೆ ಕಾಪಾಡಿದ್ದಕ್ಕಿಂತ ಹೆಚ್ಚಾಗಿ ಚರ್ಚನ್ನು ಕಾಪಾಡಿದ್ದು ಈ ಅಕ್ಕರೆಯ ನಗು.

ಒಂದೇ ಒಂದು ಧಾರಾವಾಹಿಗೆ ನಾನು ತಲೆಬಾಗುತ್ತೇನೆ. 2010ರಿಂದ 2014ರವರೆಗೆ ಬಂದ ‘ರೆವ್’. 2005ರ ಸಿನಿಮಾದಲ್ಲಿ ಅದೇ ಜೊಲ್ಲು ಸುರಿಸುವ ಕಾಲಿನ್ಸ್ ಆಗಿದ್ದ ಟಾಮ್ ಹಾಲಂಡರ್ ಇಲ್ಲಿ ಆಡಮ್ ಸ್ಮಾಲ್‌ಬೋನ್, ಪೂರ್ವ ಲಂಡನ್ನಿನ ಬಡ ಚರ್ಚೊಂದರ ಪಾದ್ರಿ. ಬೆಂಚುಗಳೆಲ್ಲ ಖಾಲಿ. ಹಠಾತ್ತನೆ ಒಂದು ಭಾನುವಾರ ಇಸ್ತ್ರಿ ಬಟ್ಟೆಯ ಅಪ್ಪ ಅಮ್ಮಂದಿರು ಮಕ್ಕಳ ಸಮೇತ ಬಂದು ತುಂಬಿಕೊಳ್ಳುತ್ತಾರೆ. ಭಕ್ತಿ ಉಕ್ಕಿದ್ದಲ್ಲ. ಪಕ್ಕದ ಚರ್ಚ್ ಶಾಲೆ ಒಳ್ಳೆಯದು, ಸೀಟಿಗೆ ಪಾದ್ರಿಯ ಕೃಪೆ ಬೇಕು. ಚರ್ಚಿನ ಬಣ್ಣದ ಗಾಜಿನ ಕಿಟಕಿ ಒಡೆದಿದೆ, ರಿಪೇರಿಗೆ ದುಡ್ಡು ಬೇಕು. ಡೊನೇಷನ್ ಎಂದರೇನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಆಡಮ್ ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ, ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಾನೆ, ಆಮೇಲೆ ಒಬ್ಬನೇ ಕೂತು ದೇವರ ಹತ್ತಿರ ಗೊಣಗುತ್ತಾನೆ. ಪ್ರಾರ್ಥನೆ ಮಾಡುವ ಪಾದ್ರಿ! ಟಿವಿಯಲ್ಲಿ! ಕೊನೆಯ ಸೀಸನ್ನಿನಲ್ಲಿ ಸೋತು ಸುಣ್ಣವಾಗಿ, ದೊಡ್ಡ ಶಿಲುಬೆ ಹೊತ್ತು ಲಂಡನ್ ಬೀದಿಗಳಲ್ಲಿ ನಡೆಯುವ ಆಡಮ್‌ಗೆ ಗುಡ್ಡದ ಮೇಲೆ ದೇವರು ಸಿಗುತ್ತಾನೆ. ಲಿಯಾಮ್ ನೀಸನ್ ಮುಖ, ಮೈಮೇಲೆ ಟ್ರ್ಯಾಕ್‌ಸೂಟ್. ಎಷ್ಟೋ ವರ್ಷಗಳ ನಂತರ ದೇವರಿಗೂ ಒಂದು ಕಾಲ್‌ಶೀಟ್ ಸಿಕ್ಕಿತು.

ಆ ಭೇಟಿಯಿಂದ ಚರ್ಚು ಉಳಿಯಲಿಲ್ಲ. ಹಾಜರಿ ಕಮ್ಮಿ, ಖರ್ಚು ಜಾಸ್ತಿ ಎಂದು ಮೇಲಿನವರು ಬೀಗ ಜಡಿದರು. ಆ ಮೇಲಿನವರು ಬಿಷಪ್ಪರ ಕಚೇರಿಯವರು. ಮೂರೇ ಸೀಸನ್, ಪೂರ್ತಿ ನೋಡಿ. ಕೊಲೆ ಒಂದೂ ಇಲ್ಲ.